ಎರ್ಮೆಲಿಂದಳ ಮಣ್ಣಿನ ಕೈ

ಚಳಿಗಾಲದಲ್ಲಿ ಲಕ್ವ ಹೊಡೆದ ಮೇಲೆ ಎರ್ಮೆಲಿಂದ ಅತ್ತಿಗೆಯ ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು. ಗೊಂದಾರ್ ಊರಿನ ಕರಿಮಡಕೆಗಳನ್ನು ಮಾಡಿದ ಕೈ ಅದು.

"ಗೊನ್ಸಾಲು ಸಂತನ್ನೇ ಕೇಳ್ತೀನಿ. ಕೈ ಕೊಟ್ರೆ ಸರಿ, ಇಲ್ದಿದ್ರೆ ಮಡಕೆ ಸುಡೋ ಆವಿಗೆ ಹೊಂಡ ಮುಚ್ಚಿಬಿಡೋಣ," ಎಂದಳು. ನನ್ನ ಅಣ್ಣನ ಹೆಂಡತಿ ಒಮ್ಮೆ ಹೇಳಿದರೆ ಮುಗಿಯಿತು.

ಯಾವ ಅಂಗಕ್ಕೆ ನೋವೋ ಅದನ್ನು ಮೇಣದಲ್ಲಿ ಮಾಡಿಸಿ ಸಂತನಿಗೆ ಒಪ್ಪಿಸುವುದು ನಮ್ಮ ಹರಕೆ. ಅತ್ತಿಗೆ ಮೇಣ ಒಲ್ಲೆ ಎಂದಳು. ಎಡಗೈಯೊಂದರಿಂದಲೇ ಮಣ್ಣು ಮಿದ್ದಿ, ಬಲಗೈಗೆ ಅಳತೆ ಹಿಡಿದು ಹಿಡಿದು, ಒಂದು ಕೈ ಮಾಡಿದಳು. ಅದನ್ನು ಸುಟ್ಟವಳು ನಾನು. ಬೂದಿ ಒರೆಸಿ ಬಟ್ಟೆ ಸುತ್ತಿದವಳೂ ನಾನೇ.

ಅಮರಾಂತೆ ಪಟ್ಟಣದ ಕಲ್ಲುಸೇತುವೆ ದಾಟುವಾಗ ತಮೇಗ ನದಿಯ ಮೇಲೆ ಇನ್ನೂ ಮಂಜಿತ್ತು. ಸೇತುವೆಯ ಬುಡದಲ್ಲೇ ಇಗರ್ಜಿ. ಒಳಗೆ ಸಮಾಧಿಯ ಮೇಲೆ ಸಂತನ ಕಲ್ಲಿನ ಮೂರ್ತಿ ಮಲಗಿದೆ; ಭಕ್ತರು ಸವರಿ ಸವರಿ ಮುಖವೇ ಸವೆದಿದೆ. ಅತ್ತಿಗೆ ಎಡಗೈಯಿಂದ ಆ ಕೆನ್ನೆ ಮುಟ್ಟಿ ಬಹಳ ಹೊತ್ತು ನಿಂತಳು.

ಇಗರ್ಜಿ ನೋಡಿಕೊಳ್ಳುವ ಮುದುಕ ಅನಾಕ್ಲೆಟು ಗಂಟು ಬಿಚ್ಚಿದ.

"ಮಣ್ಣಿಂದಾ? ಮೇಣ ಆದ್ರೆ ಕರಗಿಸಿ ಬತ್ತಿ ಮಾಡ್ತೀವಿ. ಇದನ್ನೇನು ಸಾರು ಮಾಡ್ಲಾ?" ಎಂದು ಗೊಣಗಿದವನು, ಅದನ್ನು ತಿರುಗಿಸಿ ನೋಡಿ ಮೆತ್ತಗಾದ. "ಪಾಪ, ಹುಡುಗಿಗೆ ಏನಾಯ್ತಮ್ಮ?"

"ಯಾವ ಹುಡುಗಿ? ಅದು ನನ್ನ ಕೈ."

ಅವನು ಅದನ್ನು ಅವಳ ಬಲಗೈ ಪಕ್ಕ ಹಿಡಿದ. ಎಲ್ಲ ಬೆರಳೂ ಗಿಡ್ಡ. ಒಣಗುವಾಗ, ಸುಡುವಾಗ ಮಣ್ಣು ಕುಗ್ಗುತ್ತದೆ, ಅದಕ್ಕೇ ತುಸು ದೊಡ್ಡದಾಗಿ ಮಾಡಬೇಕೆಂದು ನಮ್ಮ ಮನೆಯ ಮಕ್ಕಳಿಗೂ ಗೊತ್ತು. ತನ್ನ ಕೈಗೇ ಸರಿಹೊಂದಿಸುವ ಭರದಲ್ಲಿ ಅತ್ತಿಗೆ ಮರೆತಿದ್ದಳು; ಬಟ್ಟೆ ಸುತ್ತುವಾಗ ನಾನೂ ಗಮನಿಸಿರಲಿಲ್ಲ.

"ಇನ್ನೊಂದು ಮಾಡ್ಕೊಂಡು ಬರೋಣ, ಅತ್ತಿಗೆ," ಎಂದೆ.

"ಬೇಡ." ಅವಳು ಆ ಪುಟ್ಟ ಬೆರಳುಗಳನ್ನು ಸವರಿದಳು. "ಅಮ್ಮ ಮೊದಲ ಸಲ ಮಡಕೆ ಮಾಡೋ ತಿಗರಿ ಮುಂದೆ ಕೂರಿಸಿದಾಗ ಇಷ್ಟೇ ಇತ್ತು ನನ್ನ ಕೈ. ಏನೂ ಬರ್ತಿರ್ಲಿಲ್ಲ ಇದಕ್ಕೆ. ಆಮೇಲೆ ಕಲೀತು."

ಅನಾಕ್ಲೆಟು ಮೇಣದ ಕೈಕಾಲುಗಳ ನಡುವೆ ಅದಕ್ಕೆ ಜಾಗ ಮಾಡಿದ.

ನದಿ ದಂಡೆಯಲ್ಲಿ ಕುಳಿತು ಮೆಕ್ಕೆಜೋಳದ ರೊಟ್ಟಿ, ಹೊಗೆಯಲ್ಲಿ ಒಣಗಿಸಿದ ಮಾಂಸ ಬಿಚ್ಚಿದೆವು. ಅವಳೇ ಹಿಂದೆ ಮಾಡಿದ್ದ ಕರಿ ಬಟ್ಟಲಿಗೆ ವೈನು ಸುರಿದು ಕೊಟ್ಟೆ. ಒಂದೇ ಕೈಯಲ್ಲಿ ಬಟ್ಟಲು ವಾಲಿ ಅರ್ಧ ಚೆಲ್ಲಿತು.

"ನಿನಗಿಂತ ನಿನ್ನ ಲಂಗಾನೇ ಜಾಸ್ತಿ ಕುಡೀತು," ಎಂದೆ.

ಅವಳು ಬಟ್ಟಲಿನ ಅಂಚನ್ನು ಹೆಬ್ಬೆರಳಿನಿಂದ ಸುತ್ತ ತಡವುತ್ತ ಕೂತಿದ್ದಳು.

"ಇದು ಒಂದು ಕೈಗೆ ದೊಡ್ಡದಾಯ್ತು. ಚಿಕ್ಕದು ಮಾಡ್ಬೇಕು. ತಿಗರಿ ನೀನು ತಿರುಗಿಸ್ತೀಯಾ?"

"ಹಾಗಾದ್ರೆ ಹೊಂಡ ಮುಚ್ಚೋದಿಲ್ವಾ?"

ಅವಳು ಇಗರ್ಜಿಯ ಕಡೆ ತಿರುಗಿ, ಎಡಗೈಯಿಂದ ಶಿಲುಬೆಯ ಗುರುತು ಹಾಕಿಕೊಂಡಳು.

"ಆವಿಗೆ ಸೌದೆ ಹೊರಗೇ ಬಿದ್ದಿದೆ, ಮಳೆ ಬಂದ್ರೆ ನೆನೆಯುತ್ತೆ," ಎಂದಳು. "ಬೇಗ ತಿನ್ನು, ಹೋಗೋಣ."