ಹೊರಗಿನ ಖೋಲಿಯ ನಳ

"ಕಬ್ಬಿಣದ್ದು ಹಾಕಲೇನ್ರೀ ಸಾಹುಕಾರ್ರ, ಪ್ಲಾಸ್ಟಿಕ್ಕೇ ಸಾಕೇನ್ರೀ?"

ನಳ ಕೂಡಿಸುವ ಖಮರುದ್ದೀನ್ ಎರಡು ತುಂಡು ಪೈಪುಗಳನ್ನು ಅಂಗಳದ ಫರಸಿಕಲ್ಲಿನ ಮೇಲೆ ಇಟ್ಟು ಕೇಳಿದ. ಮೂಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ಲಲಿತಾಬಾಯಿಯ ಕೈಯ ಮೊರ ನಿಂತಿತು. ಅವಳ ಗಂಡ ಜಗದೇವಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ.

"ಪ್ಲಾಸ್ಟಿಕ್ ಹಾಕು. ಗ್ವಾಡಿ ಮ್ಯಾಲೆ ಹಂಗೇ ಕ್ಲಾಂಪ್ ಹೊಡದು ಒಯ್ಯಿ. ಹೊರಗಿನ ಖೋಲಿ ಅದ, ಯಾರ್ ನೋಡ್ತಾರ?"

ಹೊರಗಿನ ಖೋಲಿಯೆಂದರೆ ಗೇಟಿನ ಪಕ್ಕದ ಕೋಣೆ. ಮೊದಲು ಅದರಲ್ಲಿ ತೊಗರಿ ಚೀಲ ಒಟ್ಟುತ್ತಿದ್ದರು. ದೀಪಾವಳಿಗೆ ಮುಂಚೆ ಕಮಲಾಪುರದ ಗಂಡನ ಮನೆಯಿಂದ ಮಗಳು ಅಮೃತ ಕೈಗೆ ಪಟ್ಟಿ ಕಟ್ಟಿಕೊಂಡು ಬಂದಾಗಿನಿಂದ ಅಲ್ಲಿ ಅವಳ ಹಾಸಿಗೆ. ಪಡಸಾಲೆಗೆ ಬಂದುಹೋಗುವವರು ಏನಾದರೂ ಕೇಳುತ್ತಾರೆಂದು ಜಗದೇವಪ್ಪನೇ ಹಾಗೆ ಏರ್ಪಾಡು ಮಾಡಿದ್ದ. ಅಮೃತಳ ಗಂಡ ತಿರುವಿ ಮುರಿದಿದ್ದ ಅವಳ ಮುಂಗೈ ಸೊಟ್ಟಗೆ ಕೂಡಿಕೊಂಡಿತ್ತು. ತಣ್ಣೀರು ಸೋಕಿದರೆ ಮೊಣಕೈವರೆಗೂ ಸೆಳೆಯುತ್ತಿತ್ತು. ಮಾಳಿಗೆಯ ಸೋಲಾರ್ ಟಾಕಿಯ ಬಿಸಿನೀರು ಒಳಗಿನ ಬಚ್ಚಲಿಗೆ ಮಾತ್ರ. ಜಗದೇವಪ್ಪನ ಸ್ನಾನ, ಲಿಂಗಪೂಜೆ ಮುಗಿಯುವತನಕ ಅತ್ತ ಯಾರೂ ಸುಳಿಯುವಂತಿರಲಿಲ್ಲ. ಆಮೇಲೆ ಲಲಿತಾಬಾಯಿ ಒಂದು ಬಕೆಟ್ ಹೊತ್ತು ಅಂಗಳ ದಾಟುವಳು. ಎಳ್ಳಮಾವಾಸ್ಯೆಯ ಚಳಿಗೆ ಮಗಳ ಬಾಗಿಲು ಮುಟ್ಟುವುದರೊಳಗೆ ನೀರು ಆರಿರುತ್ತಿತ್ತು.

ಹೀಗಿರುವಾಗ "ಆ ಖೋಲಿಗೂ ಒಂದು ನಳ ಒಯ್ಯಮು" ಎಂದು ಗಂಡನೇ ಅಂದಿದ್ದ. ಯಾಕೆ ಎಂದು ಅವಳು ಕೇಳಿರಲಿಲ್ಲ. ಕೇಳುವುದೇನಿತ್ತು?

ಗೋಡೆಯ ಮೇಲೆ ಜೋತುಬಿಟ್ಟ ಪೈಪನ್ನು ಯಾವಾಗ ಬೇಕಾದರೂ ಕಿತ್ತು ಒಗೆಯಬಹುದು. ಗೋಡೆ ಸೀಳಿ ಒಳಗೆ ಹಾಕಿದ ಕಬ್ಬಿಣವನ್ನು ಹಾಗೆ ಕೀಳಲಾಗದು. ಯಾರಿಗಾಗಿ ಗೋಡೆ ಸೀಳುತ್ತಾರೋ ಅವರನ್ನು ಮನೆಯಿಂದ ಹೇಗೆ ಕಳಿಸುತ್ತಾರೆ? ಕೆಲಸದವರ ಎದುರು ಎಂದೂ ಬಾಯಿ ತೆರೆಯದ ಲಲಿತಾಬಾಯಿ ಸೆರಗು ಸರಿಮಾಡಿಕೊಂಡಳು.

"ಬಿಸಿನೀರಿಗಿ ಪ್ಲಾಸ್ಟಿಕ್ ಡೊಂಕಾಗ್ತದ, ಹೌದಿಲ್ಲೊ ಖಮರಣ್ಣ?"

"ಆಗ್ತದ್ರೀ ಅಮ್ಮಾ. ನನ್ನ ಮನ್ಯಾಗೇ ಹಾಕಿ ಕುಂತೀನಿ, ಜೋತುಬಿದ್ದದ. ನನ್ನ ಹೆಂಡ್ತಿ ಅದರ ಮ್ಯಾಲೆ ಅರಬಿ ಒಣಗ ಹಾಕ್ತಾಳ."

ಜಗದೇವಪ್ಪ ನಕ್ಕು ಪೇಪರು ಮಡಚಿದ. "ನಿಮ್ಮ ಅಮ್ಮಾರು ಇಂಜಿನಿಯರ್ ಆಗ್ಯಾರಪಾ! ಆಯ್ತು, ಕಬ್ಬಿಣದ್ದೇ ಹಾಕು. ಗ್ವಾಡಿ ಒಡದು ಒಳಗ ಹಾಕು. ಇಪ್ಪತ್ತು ವರ್ಷ ಬಾಳಿಕಿ ಬರಬೇಕು."

ಇಪ್ಪತ್ತು ವರ್ಷ. ಅಂದು ರೊಟ್ಟಿ ಬಡಿಯುವಾಗಲೂ ಆ ಮಾತು ಅವಳ ಕಿವಿಯಲ್ಲೇ ಇತ್ತು. ಊಟದ ತಟ್ಟೆ ಒಯ್ದಾಗ ಮಗಳಿಗೆ ಹೇಳಿದಳು.

"ಅಪ್ಪ ಖರೇನೇ ಹಂಗಂದ್ನಾ ಯವ್ವಾ?"

"ನನ್ನ ಕಿವಿಲೆ ಕೇಳೀನಿ."

ಮರುದಿನ ಅಮೃತ ಟ್ರಂಕಿನೊಳಗಿನ ಸೀರೆಗಳನ್ನು ತೆಗೆದು ಗೋಡೆಯ ಗೂಡಿನಲ್ಲಿ ಜೋಡಿಸಿದಳು. ಬಾಗಿಲ ಪಕ್ಕಕ್ಕೆ ಮೊಳೆ ಹೊಡೆದು ಕನ್ನಡಿ ತೂಗುಹಾಕಿದಳು.

ಉಳಿಯ ಏಟಿಗೆ ಮನೆಯೆಲ್ಲ ಧೂಳಾಯಿತು. ಲಲಿತಾಬಾಯಿ ಬೇಸರಿಸದೆ ಗುಡಿಸಿದಳು, ಖಮರುದ್ದೀನನಿಗೆ ಕರೆಕರೆದು ಚಹಾ ಕೊಟ್ಟಳು. ನೀರು ಬಿಡುವ ದಿನ ನಳದ ಪೂಜೆಗೆಂದು ಮುಂಚೆಯೇ ಒಂದು ಕಾಯಿ ತಂದಿಟ್ಟಳು. ಕಾಯಿ ತಂದಿಟ್ಟ ದಿನವೇ ಮಧ್ಯಾಹ್ನ ಶರಣಬಸವೇಶ್ವರನ ಗುಡಿಗೆ ಹೋಗಿ ಮರಳಿದಾಗ ಪಡಸಾಲೆಯ ಬೆಂಚಿನ ಮೇಲೆ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಕಂಡಿತು. ಕಮಲಾಪುರದ ಹಣ್ಣು. ಪಕ್ಕದ ತಾಟಿನಲ್ಲಿ ಸುಲಿದ ಸಿಪ್ಪೆ.

"ಯಾರ್ ಬಂದಿದ್ರು?"

"ಬೀಗರು. ಹಿರೇರೆಲ್ಲ ಕುಂತು ಮಾತಾಡೀವಿ. ಗುರುವಾರ ಆಕಿನ್ನ ಕಳಸಮು."

"ಕೈ ಮುರದವನ ಮನಿಗಾ?"

"ಇನ್ನ ಕೈ ಎತ್ತಲ್ಲಂತ."

"ಅಂವಾ ಬಂದು ಅಂದ್ನೇನು?"

"ಅವರಪ್ಪ ಅಂದಾನ. ಸಾಕಲ್ಲ?"

ಲಲಿತಾಬಾಯಿ ಹೊರಗಿನ ಖೋಲಿಯ ಕಡೆ ಕೈ ಮಾಡಿದಳು. "ಮತ್ತ... ಆ ನಳ?"

ಜಗದೇವಪ್ಪ ಆಶ್ಚರ್ಯದಿಂದಲೇ ನೋಡಿದ. "ಖೋಲಿ ಬಾಡಿಗಿಗಿ ಕೊಡಲಿಕ್ಕಿ. ಕಾಲೇಜಿನ ಹುಡುಗ್ಯಾರು ಬಿಸಿನೀರು ಇದ್ರೇ ಬರ್ತಾರ. ಪ್ಲಾಸ್ಟಿಕ್ ಹಾಕಿದ್ರ ದಿನಾ ರಿಪೇರಿ ಇತ್ತು. ನೀ ಬರೊಬ್ಬರಿ ಹೇಳ್ದಿ ನೋಡು."

ಇಷ್ಟು ವರ್ಷದ ಸಂಸಾರದಲ್ಲಿ ಅವನು ಅವಳನ್ನು ಹೊಗಳಿದ್ದು ಅದೇ ಮೊದಲು.

ಆಮೇಲೆ ಅವಳು ಅತ್ತಳು, ಅಡಿಗೆ ಬಿಟ್ಟಳು, ಮಗಳೂ ಅಪ್ಪನ ಕಾಲು ಹಿಡಿದಳು. ಆದರೂ ಗುರುವಾರ ಬಂದೇ ಬಂತು.

ಬೆಳಗ್ಗೆ ಖಮರುದ್ದೀನ್ ಮಾಳಿಗೆಯ ಮೇಲೆ ವಾಲ್ವ್ ತಿರುವಿ ಇಳಿದು ಬಂದ. "ಕಾಯಿ ಒಡೀರಿ ಅಮ್ಮಾ, ನೀರು ಬಿಟ್ಟೀನಿ."

"ಆ ಕಾಯಿ ಬ್ಯಾರೇದಕ್ಕ ಬೇಕಾಗ್ಯದಪಾ," ಎಂದಳು ಲಲಿತಾಬಾಯಿ. ಕಾಯಿ ಅಕ್ಕಿ, ಎಲೆ ಅಡಿಕೆಯ ಜೊತೆ ಮಗಳ ಉಡಿ ತುಂಬುವ ತಾಟಿನಲ್ಲಿತ್ತು. ಖಮರುದ್ದೀನ್ ತಾಟನ್ನು ನೋಡಿದ, ತನ್ನ ಸಾಮಾನು ಎತ್ತಿಕೊಂಡು ಹೋದ.

ಖೋಲಿಯ ಮೂಲೆಯ ಪುಟ್ಟ ಬಚ್ಚಲಲ್ಲಿ ಮೊದಲು ಕೆಂಪು ನೀರು ಬಂತು, ಎಣ್ಣೆ ವಾಸನೆಯದು. ಆಮೇಲೆ ತಿಳಿಯಾಯಿತು. ಆಮೇಲೆ ಹೊಗೆಯಾಡಿತು. ಲಲಿತಾಬಾಯಿ ಮಗಳನ್ನು ಮಣೆಯ ಮೇಲೆ ಕೂರಿಸಿ, ಸಣ್ಣವಳಿದ್ದಾಗಿನಂತೆ ತಲೆಗೆ ಎರೆದಳು. ಸೊಟ್ಟ ಮುಂಗೈಯನ್ನು ನಳದ ಕೆಳಗೆ ಹಿಡಿದೇ ಇದ್ದಳು.

"ನೀರು ಭಾಳ ಚಲೋ ಬರ್ತದ ಯವ್ವಾ," ಎಂದಳು ಅಮೃತ.

ಉಡಿ ತುಂಬಿಸಿಕೊಂಡು ಎದ್ದಾಗ ತಾಯಿ ಕನ್ನಡಿ ತೆಗೆಯಹೋದಳು.

"ಇರ್ಲಿ ಬಿಡು. ಬರೋ ಹುಡುಗ್ಯಾರಿಗಿ ಬೇಕಾಗ್ತದ."

ಅಮೃತಳನ್ನು ಕೂರಿಸಿಕೊಂಡ ಜೀಪು ಮನೆಯಿದ್ದ ಗಾಜಿಪುರದ ಓಣಿಯ ತಿರುವು ದಾಟಿತು. ಲಲಿತಾಬಾಯಿ ಖೋಲಿಗೆ ಮರಳಿ ಒದ್ದೆ ಮಣೆಯನ್ನು ಗೋಡೆಗೆ ಆನಿಸಿದಳು. ತೊಟ್ಟಿಕ್ಕುತ್ತಿದ್ದ ನಳವನ್ನು ಬಿಗಿಯಾಗಿ ತಿರುವಿದಳು. ಒಳಗಿನಿಂದ ಜಗದೇವಪ್ಪ ಚಹಾ ಕೇಳಿದ. ಗೋಡೆಯಿಂದ ಗೇಣುದ್ದ ಹೊರಬಂದಿದ್ದ ಕಬ್ಬಿಣ ಇನ್ನೂ ಬೆಚ್ಚಗಿತ್ತು. ಅವಳು ಅದನ್ನು ಮುಷ್ಟಿಯಲ್ಲಿ ಹಿಡಿದಳು, ಆರುವತನಕ ಬಿಡಲಿಲ್ಲ.