ಮೂವತ್ತೊಂದನೇ ಡಬ್ಬಿ

"ಇಲ್ಲಿ ನಿಮ್ಮ ಸಹಿ."

ಉಮಾಮಹೇಶ್ವರಿ ಒಪ್ಪಿಗೆ ಪತ್ರದ ಕೊನೆಯ ಗೆರೆ ತೋರಿಸಿದಳು. ಮಂಚದ ಮೇಲಿದ್ದ ರಾಧ ಓದದೆ ಸಹಿ ಹಾಕಿದಳು. ಓದುವವರು ಕಡಿಮೆ. ಉಮಾ ಕೂಡ ತನ್ನ ಸರದಿ ಬಂದಾಗ ಓದಿರಲಿಲ್ಲ, ಆ ಪತ್ರ ಬರೆದವಳು ತಾನೇ ಆಗಿದ್ದರೂ.

ಬಂಗಾರಪೇಟೆಯ ಆ ಆಸ್ಪತ್ರೆಯಲ್ಲಿ ಅವಳ ಕೆಲಸ ಇಷ್ಟೇ. ಮೂರು ತಿಂಗಳೊಳಗೆ ಗರ್ಭ ಹೋದವರ ಒಪ್ಪಿಗೆ ಪಡೆಯುವುದು, ತೆಗೆದದ್ದರಲ್ಲಿ ಒಂದು ಚೂರನ್ನು ಡಬ್ಬಿಗೆ ಹಾಕಿ ನಂಬರ್ ಬರೆಯುವುದು, ಡ್ರೈ ಐಸ್ ತುಂಬಿದ ಪೆಟ್ಟಿಗೆಯಲ್ಲಿಟ್ಟು ಶನಿವಾರ ಬೆಂಗಳೂರಿನ ಲ್ಯಾಬಿಗೆ ಕಳಿಸುವುದು. ಹೊಸ ರಕ್ತನಾಳಗಳನ್ನು ಬೆಳೆಸುವ ಪ್ರೋಟೀನು ಅದರಲ್ಲಿ ಎಷ್ಟಿದೆ ಎಂದು ಅಲ್ಲಿ ಅಳೆಯುತ್ತಾರೆ.

ರಾಧಳದು ನಲವತ್ತೇಳನೇ ಡಬ್ಬಿ. ಮೂವತ್ತೊಂದು ಉಮಾಳದು. ಆರು ವಾರದ ಹಿಂದೆ ರೋಗಿಯ ಗೆರೆಯಲ್ಲೂ ಸಿಬ್ಬಂದಿಯ ಗೆರೆಯಲ್ಲೂ ಅವಳೇ ಸಹಿ ಹಾಕಿದ್ದಳು. ಯಾರೂ ಗಮನಿಸಲಿಲ್ಲ. ಎರಡು ದಿನದ ರಜೆಗೆ ಜ್ವರ ಎಂದು ಕಾರಣ ಕೊಟ್ಟಿದ್ದಳು.

ರಾಧಳ ಅತ್ತೆ ಚಿಕ್ಕವೆಂಕಟಮ್ಮ ಕಾಮಸಮುದ್ರದಿಂದ ಮೊದಲ ಬಸ್ಸಿಗೇ ಬಂದಿದ್ದಳು. ಸೊಸೆ ತನ್ನ ಮಾತು ಕೇಳದೆ ಹಾಲಿನ ಕ್ಯಾನ್ ಎತ್ತಿದ್ದಳಂತೆ. ಅದನ್ನೇ ಮೂರು ಸಲ ಹೇಳಿದಳು. ರಾಧ ಗೋಡೆಯ ಕಡೆ ತಿರುಗಿದ್ದಳು.

"ಕ್ಯಾನ್ ಎತ್ತಿದ್ದರಿಂದ ಅಲ್ಲಮ್ಮ," ಎಂದಳು ಉಮಾ.

"ಮತ್ಯಾಕಾಯ್ತು?"

"ಮಗೂಗೆ ಬೇಕಾದ ರಕ್ತನಾಳ ಸರಿಯಾಗಿ ಚಿಗುರದೆ ಇದ್ದಿರಬಹುದು. ಬೇರೆ ಕಾರಣಾನೂ ಇರಬಹುದು. ಅದನ್ನೇ ನೋಡ್ತಾ ಇರೋದು."

"ಅಂದ್ರೆ ನಿಮ್ಗೂ ಗೊತ್ತಿಲ್ಲ."

"ಗೊತ್ತಿಲ್ಲ."

ಮುದುಕಿ ಸೊಸೆಯ ಪಾದದ ಮೇಲೆ ಹೊದಿಕೆ ಎಳೆದಳು. ಕ್ಯಾನಿನ ಮಾತು ಮತ್ತೆ ಬರಲಿಲ್ಲ.

ಮಧ್ಯಾಹ್ನ ಅತ್ತೆಯ ಜೊತೆ ಊರಿಗೆ ಹೊರಟ ರಾಧ ಉಮಾಳ ಕೋಣೆಯ ಬಾಗಿಲಲ್ಲಿ ನಿಂತಳು.

"ಅಕ್ಕ, ಅದನ್ನ ವಾಪಸ್ ಕೊಡ್ತೀರಾ? ನಮ್ಮ ಒಲದಾಗೆ ಮಣ್ಣು ಮಾಡ್ತೀವಿ."

ಅದರಲ್ಲಿ ನೋಡುವಂಥದ್ದು ಏನೂ ಇಲ್ಲ, ಉಗುರಿನಷ್ಟು ಚೂರು ಎಂದು ಉಮಾ ತಿಳಿಸಿ ಹೇಳಿದಳು.

"ಇರ್ಲಿ. ಅದೊಂದೇ ಎಲ್ಲೋ ಓಗೋದು ಬ್ಯಾಡ."

ಯಾವಾಗ ಬೇಕಾದರೂ ಒಪ್ಪಿಗೆ ಹಿಂತೆಗೆದುಕೊಳ್ಳಬಹುದು ಎಂಬ ಸಾಲು ಪತ್ರದಲ್ಲಿತ್ತು. ಯಾರೂ ಕೇಳಲಾರರು ಎಂಬ ಧೈರ್ಯದಲ್ಲೇ ಉಮಾ ಅದನ್ನು ಬರೆದಿದ್ದಳು. ಡಾಕ್ಟರಿಗೆ ಫೋನ್ ಮಾಡಿದಳು. ಬರೆದುಕೊಂಡು ಕೊಟ್ಟುಬಿಡಿ ಎಂದರು. ಪೆಟ್ಟಿಗೆ ತೆಗೆದಾಗ ಬಿಳಿ ಹೊಗೆ ಮೇಜಿನ ಮೇಲೆಲ್ಲ ಹರಿಯಿತು. ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. ಚಿಕ್ಕವೆಂಕಟಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡು ಸೆರಗಿನೊಳಗೆ ಇಟ್ಟುಕೊಂಡಳು.

"ನಿಂಗೆಷ್ಟು ಮಕ್ಳಮ್ಮ?"

"ಇಲ್ಲ."

ಅವರು ಹೋದ ಮೇಲೆ ಉಮಾ ನಲವತ್ತೇಳರ ಮುಂದೆ 'ಹಿಂಪಡೆಯಲಾಗಿದೆ' ಎಂದು ಬರೆದಳು. ಪೆನ್ನಿನ ಮುಚ್ಚಳ ಹಾಕಿದಳು. ಆಮೇಲೆ ಬೆಂಗಳೂರಿಗೆ ಫೋನ್ ಮಾಡಿ, ಮೂವತ್ತೊಂದು ವಾಪಸ್ ಬೇಕಿತ್ತು ಎಂದಳು.

"ಅದನ್ನ ಹೋದ ವಾರಾನೇ ಅರೆದಾಯ್ತು ಮೇಡಂ," ಎಂದ ಲ್ಯಾಬಿನ ಸಾಯಿಕುಮಾರ್. "ರಿಸಲ್ಟ್ ಇದೆ. ಕಳಿಸ್ಲಾ?"

"ಬೇಡ," ಎಂದಳು. ಒಂದು ಕ್ಷಣ ಬಿಟ್ಟು, "ಕಳಿಸಿ."

ಬಂದದ್ದು ಒಂದು ಸಂಖ್ಯೆ. ಕಡಿಮೆಯೋ ಹೆಚ್ಚೋ ಹೇಳುವಂತಿರಲಿಲ್ಲ. ನೂರು ಮಂದಿಯದು ಸೇರಿದರೆ ಮಾತ್ರ ಅದಕ್ಕೆ ಅರ್ಥ. ಇದನ್ನು ಅವಳೇ ಹೊಸ ನರ್ಸುಗಳಿಗೆ ಬೋರ್ಡಿನ ಮೇಲೆ ಬರೆದು ವಿವರಿಸುತ್ತಿದ್ದಳು.

ಸಂಜೆ ರಾಬರ್ಟ್‌ಸನ್‌ಪೇಟೆಯಲ್ಲಿ ಬಸ್ಸಿಳಿದಾಗ ಗಂಡ ರವಿಕಿರಣ್ ಬೈಕ್ ತಂದು ಕಾಯುತ್ತಿದ್ದ. ಕಾರ್ಖಾನೆಯಲ್ಲಿ ಎಂಜಿನಿಯರು, ಸಮಯಕ್ಕೆ ಸರಿಯಾಗಿ ಬರುವವನು. ದಾರಿಯಲ್ಲಿ ಕ್ಯಾಂಟೀನಿನ ಹೊಸ ಕಂಟ್ರಾಕ್ಟರನ ವಿಷಯ ಹೇಳುತ್ತಿದ್ದ.

"ಅದು ಎಲ್ಲಿಗೆ ಹೋಯ್ತು ಅಂತ ನೀವು ಕೇಳಲೇ ಇಲ್ಲ," ಎಂದಳು ಉಮಾ.

"ಯಾವುದು?"

ಬೈಕು ಎರಡು ತಿರುವು ದಾಟಿತು.

"ಆಸ್ಪತ್ರೆಯವರು ನೋಡ್ಕೋತಾರಲ್ಲ," ಎಂದ.

"ಹೂಂ."

ನಂದಿದುರ್ಗ ಚಿನ್ನದ ಗಣಿಯ ಹತ್ತಿರ ಅವನಿಗೆ ಫೋನ್ ಬಂತು. ಬೈಕ್ ನಿಲ್ಲಿಸಿ ಮಾತಿಗೆ ತೊಡಗಿದ. ಉಮಾ ಇಳಿದು ಹರಿದ ಬೇಲಿಯೊಳಗೆ ನಾಲ್ಕು ಹೆಜ್ಜೆ ಹೋದಳು. ಹಳೆಯ ಗಣಿಬಾವಿಯ ಬಾಯಿಗೆ ಕಾಂಕ್ರೀಟ್ ಹಾಕಿ ಮುಚ್ಚಿದ್ದರು. ಕೆಳಗೆ ಸುರಂಗದಿಂದ ಸುರಂಗ ಕವಲೊಡೆದು ಊರಿನಡಿಯೆಲ್ಲ ಹೋಗಿದೆಯಂತೆ. ನೀರೆತ್ತುವ ಪಂಪು ನಿಂತ ಮೇಲೆ ಅಷ್ಟರಲ್ಲೂ ನೀರು ತುಂಬಿದೆಯಂತೆ. ಕಾಂಕ್ರೀಟಿನ ಅಂಚು ಒಂದು ಕಡೆ ಒಡೆದಿತ್ತು. ಆ ಸಂದಿಯ ಮೇಲೆ ಅಂಗೈ ಇಟ್ಟಳು. ಒಳಗಿನಿಂದ ಗಾಳಿ ಬರುತ್ತಿತ್ತು, ಬೆಚ್ಚಗೆ.

ರವಿಕಿರಣ್ ಹಾರ್ನ್ ಹೊಡೆದ. ಅವಳು ಕೈ ತೆಗೆಯಲಿಲ್ಲ.