ಪಾರವ್ವನ ಸಹಿ

ನಿಜಲಿಂಗಪ್ಪ ಪೆನ್ನಿನ ಟೋಪಿ ತೆಗೆದವನು ಮತ್ತೆ ಹಾಕಿದ. ಮುಂದಿದ್ದ ಸ್ಟಾಂಪ್ ಪೇಪರನ್ನು ಎರಡು ಬೆರಳಿನಿಂದ ಬಸವಪ್ರಭು ಅವರ ಕಡೆಗೆ ಸರಿಸಿದ.

"ನನ್ನಿಂದ ಆಗೂದಿಲ್ರಿ."

ಸದಾಶಿವ ಪೇಠದ ಹಳೆಯ ವಾಡೆಯ ಮೊದಲ ಮಹಡಿ. ತೆರಿಗೆ ಸಲಹೆಗಾರ ಬಸವಪ್ರಭು ಅವರ ಆಫೀಸು. ಪಾರವ್ವ ಅಣ್ಣ ನಿಜಲಿಂಗಪ್ಪನ ಮುಖ ನೋಡಿದಳು. ಮಾಧುರಿ ನೆಲ ನೋಡಿದಳು.

ಮಾಧುರಿ ಇವರಿಬ್ಬರ ತೀರಿಹೋದ ತಂಗಿಯ ಮಗಳು. ಆರನೆಯ ವಯಸ್ಸಿಗೇ ತಾಯಿ-ತಂದೆ ಇಬ್ಬರನ್ನೂ ಕಳೆದುಕೊಂಡವಳನ್ನು ದೊಡ್ಡವ್ವ ಪಾರವ್ವನೇ ಹಡಪಸರದ ಎರಡು ಖೋಲಿಯ ಮನೆಯಲ್ಲಿ ಸಾಕಿದ್ದಳು. ಕೃತಕ ಕಾಲು ತಯಾರಿಸುವ ಕಡೆ ನಾಲ್ಕು ವರ್ಷ ದುಡಿದ ಹುಡುಗಿ, ಅದೇ ವಿದ್ಯೆಯನ್ನು ಇನ್ನೂ ಕಲಿಯಲು ಆಸ್ಟ್ರೇಲಿಯಾದಲ್ಲಿ ಸೀಟು ಗಿಟ್ಟಿಸಿದ್ದಳು. ಫೀಸಿಗೆ ಬ್ಯಾಂಕಿನ ಸಾಲ ಸಿಕ್ಕಿತ್ತು. ಅಲ್ಲಿ ಇರುವ ಖರ್ಚಿಗೆ ಮಾತ್ರ ರಕ್ತಸಂಬಂಧಿಯೊಬ್ಬರು ಜವಾಬ್ದಾರಿ ಬರೆದುಕೊಡಬೇಕಿತ್ತು. ಆದಾಯ, ಠೇವಣಿ ಎಲ್ಲದರ ಕಾಗದ ತೋರಿಸಿದರೇ ವೀಸಾ. ಬಟ್ಟೆ ಅಂಗಡಿಯ ಸೋದರಮಾವ ಇರುವಾಗ ಬೇರೆಯವರ ಹೆಸರು ಯಾರಿಗೂ ಹೊಳೆದಿರಲಿಲ್ಲ.

"ಹಿಂದ ಒಬ್ಬಂವಗ ಜಾಮೀನು ನಿಂತು ಅಂಗಡಿಗೆ ಬೀಗ ಬಿದ್ದಿತ್ತು, ಪಾರೂ. ನಿನಗ ಗೊತ್ತದ," ಎಂದ ನಿಜಲಿಂಗಪ್ಪ. "ಸಹಿ ಮಾಡಬೇಕಂತನ ಬಂದಿದ್ದೆ. ಕಾಗದ ನೋಡಿದ ಕೂಡ್ಲೇ ಅದ ನೆನಪಾತು."

"ಬಿಡ್ರಿ ಮಾಮಾ," ಎಂದಳು ಮಾಧುರಿ. "ಮುಂದಿನ ವರ್ಷ ನೋಡೋಣಂತ."

ಮುಂದಿನ ವರ್ಷ ಈ ಸೀಟು ಇರುವುದಿಲ್ಲವೆಂದು ಪಾರವ್ವನಿಗೆ ಗೊತ್ತಿತ್ತು. ಅವಳು ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡಳು.

"ನಾ ಸಹಿ ಮಾಡಿದ್ರ ನಡೀತದೇನ್ರಿ?"

ಬಸವಪ್ರಭು ಕನ್ನಡಕ ಸರಿಮಾಡಿಕೊಂಡು ಕಪಾಟಿನಿಂದ ಹಸಿರು ಫೈಲು ತೆಗೆದರು. ಕಂಪನಿಗಳ ಕ್ಯಾಂಟೀನಿಗೆ ರೊಟ್ಟಿ ಕೊಡಲು ಶುರುಮಾಡಿದಾಗಿನಿಂದ ಪಾರವ್ವನ ತೆರಿಗೆ ಲೆಕ್ಕ ಸಲ್ಲಿಸುತ್ತಿದ್ದವರು ಅವರೇ. ಹಾಳೆ ತಿರುವುತ್ತ ತಿರುವುತ್ತ ಅವರ ಹುಬ್ಬು ಮೇಲೇರಿತು.

"ಮೂರು ವರ್ಷದ ಆದಾಯ ಸಾಕಾಗ್ತದ. ನನಗ ಮೊದಲ ಯಾಕ ಹೊಳೀಲಿಲ್ಲೋ! ಆದ್ರ ಪಾರವ್ವಾರ, ಠೇವಣಿ ತೋರಸಬೇಕ್ರಿ. ಹುಡುಗಿ ಓದು ಮುಗಿಸೋತನಕ ಆ ರೊಕ್ಕ ನಿಮ್ಮದಲ್ಲ ಅಂತ ತಿಳ್ಕೋಬೇಕು."

ಠೇವಣಿ ಇತ್ತು. ಒಲೆಯ ಮುಂದೆ ಹನ್ನೊಂದು ವರ್ಷ ಕೂತು ಕೂಡಿಸಿದ್ದು. ಹಡಪಸರದ ಮುಖ್ಯ ರಸ್ತೆಯಲ್ಲಿ ಸ್ವಂತ ಗಾಳೆ, ಅಂದರೆ ಅಂಗಡಿ ಮಳಿಗೆ, ಹಿಡಿದು, ನಾಲ್ಕು ಮೇಜು ಹಾಕಿ ಖಾನಾವಳಿ ತೆರೆಯಬೇಕೆಂದಿದ್ದಳು. ಜಾಗದ ಮಾಲೀಕನ ಜೊತೆ ಮಾತೂ ಆಗಿತ್ತು.

"ಬ್ಯಾಡ ದೊಡ್ಡವ್ವಾ, ಗಾಳೆ..." ಎಂದು ಮಾಧುರಿ ಮೇಲೆದ್ದಳು.

"ಕೂಡು. ಎರಡು ವರ್ಷ ತಡ ಆದ್ರ ನನ್ನ ಕೈಗೆ ರೊಟ್ಟಿ ಬಡಿಯೂದು ಮರತ ಹೋಗ್ತದೇನು?"

ಬಸವಪ್ರಭು ಟೈಪು ಮಾಡಿಸಿದ ಹೊಸ ಕಾಗದವನ್ನು ಪಾರವ್ವ ಮಾಧುರಿಯಿಂದ ಸಾಲುಸಾಲಾಗಿ ಓದಿಸಿದಳು. ಉದ್ಯೋಗದ ಎದುರು ಗೃಹಿಣಿ ಎಂದಿತ್ತು.

"ಅದನ್ನ ತಗೀರಿ. ರೊಟ್ಟಿ ವ್ಯಾಪಾರ ಅಂತ ಬರೀರಿ."

ಮತ್ತೆ ಟೈಪಾಯಿತು. ಅವಳು ಒಂದೊಂದೇ ಅಕ್ಷರ ಬಿಡಿಸಿ ಸಹಿ ಮಾಡುವವರೆಗೂ ನಿಜಲಿಂಗಪ್ಪ ಅಲ್ಲೇ ಕೂತಿದ್ದ. ಆಮೇಲೆ ಮೆಟ್ಟಿಲಿಳಿದು ಹೋದ.

ಏಪ್ರಿಲ್‌ನ ಒಂದು ಬೆಳಿಗ್ಗೆ ವೀಸಾ ಕಚೇರಿಯಿಂದ ಫೋನು ಬಂತು. ರೊಟ್ಟಿ ಬೇಯಿಸಲು ಕೆಲಸಕ್ಕೆ ಬರುವ ಶಿವಬಸವ್ವ ಹಂಚಿನ ಮುಂದಿದ್ದಳು, ಪಾರವ್ವನ ಕೈತುಂಬ ಜೋಳದ ಹಿಟ್ಟು. ಮಾಧುರಿ ಫೋನನ್ನು ಅವಳ ಕಿವಿಗೆ ಹಿಡಿದಳು. ಅತ್ತಲಿಂದ ಹೆಣ್ಣು ದನಿಯೊಂದು ಹಿಂದಿಯಲ್ಲಿ ಒಂದೊಂದಾಗಿ ಕೇಳುತ್ತಿತ್ತು: ಏನು ಕೆಲಸ? ದಿನಕ್ಕೆ ಎಷ್ಟು ರೊಟ್ಟಿ?

"ರೋಜ್ ಸಾತ್ ಸೌ. ಆಜ್ ತೀನ್ ಸೌ ಬಾಕೀ ಹೈ. ಜಲ್ದೀ ಪೂಛೋ, ಬಾಯಿ."

ದಿನಕ್ಕೆ ಏಳುನೂರು, ಇವತ್ತಿನ ಮುನ್ನೂರು ಇನ್ನೂ ಬಾಕಿ, ಬೇಗ ಕೇಳು ಎಂದು ಪಾರವ್ವ ಅವಸರಿಸಿದ್ದಕ್ಕೆ ಮಾಧುರಿ ಕಣ್ಣು ಮುಚ್ಚಿಕೊಂಡಳು. ತಂಗಿಯ ಮಗಳಿಗೆ ಇಷ್ಟು ಖರ್ಚು ಯಾಕೆ ಎಂದಿತು ದನಿ.

"ಮೇರೀಚ್ ಬೇಟೀ ಹೈ," ಎಂದಳು ಪಾರವ್ವ. ತನ್ನ ಮಗಳೇ ಎಂದವಳು ಮತ್ತೆ ಹಿಟ್ಟು ನಾದತೊಡಗಿದಳು.

ಮೇ ಎರಡನೆಯ ವಾರ ವೀಸಾ ಬಂತು. ಮರುದಿನ ಮಧ್ಯಾಹ್ನ ನಿಜಲಿಂಗಪ್ಪ ಬಾಗಿಲಲ್ಲಿ ನಿಂತಿದ್ದ. ಒಳಗೆ ಬರಲೋ ಬೇಡವೋ ಎನ್ನುವಂತೆ ಚಪ್ಪಲಿ ಬಿಡಲು ತಡಮಾಡಿದ. ಕಂಕುಳಲ್ಲಿ ದೊಡ್ಡದೊಂದು ಗಂಟು.

"ಬಾ ಅಣ್ಣಾ. ಬಿಸಲಾಗ ಯಾಕ ನಿಂತಿ?"

"ಜುಲೈದಾಗ ಅಲ್ಲಿ ಭಾಳ ಥಂಡಿ ಇರ್ತದಂತ," ಎಂದು ಅವನು ಗಂಟು ಬಿಚ್ಚಿದ. ಒಳಗಿದ್ದದ್ದು ಉಣ್ಣೆಯ ದಪ್ಪ ಕೋಟು. "ಅಳತಿ ಅಂದಾಜಿನ ಮ್ಯಾಲೆ ತಂದೀನಿ. ಹಾಕಿ ನೋಡವ್ವಾ."

ಮಾಧುರಿ ಹಾಕಿಕೊಂಡಳು. ಹೊರಗೆ ತಗಡಿನ ಸೂರು ಬಿಸಿಲಿಗೆ ಚಟಪಟ ಎನ್ನುತ್ತಿತ್ತು. ಪಾರವ್ವ ಕೈ ಒರೆಸಿಕೊಂಡು ಬಂದು ಕೆಳಗಿನಿಂದ ಒಂದೊಂದೇ ಗುಂಡಿ ಹಾಕುತ್ತ ಕುತ್ತಿಗೆಯವರೆಗೂ ಬಂದಳು. ಹುಡುಗಿಯ ಹಣೆಯಿಂದ ಬೆವರು ಧಾರಾಕಾರವಾಗಿ ಇಳಿಯುತ್ತಿತ್ತು. ಅವಳು ಕೋಟು ಬಿಚ್ಚದೆ, ಎರಡೂ ಕೈ ಜೇಬಿಗಿಳಿಸಿ, ಫ್ಯಾನಿನ ಕೆಳಗೆ ನೆಟ್ಟಗೆ ನಿಂತಿದ್ದಳು.